ಎರಡು ಮನೆ, ಒಂದು ರಾಶಿ ಕಾಯಿ

ಒಬ್ಬನೇ ಆಡುವ ಆಟದಲ್ಲಿ ಸೋಲುವುದು ಹೇಗೆ ಸಾಧ್ಯ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಪರಿಚಯವಿಲ್ಲ.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಅಜ್ಜಂಪುರದಲ್ಲಿ ಹೈಸ್ಕೂಲ್ ಮೇಷ್ಟ್ರು. ಹೇಳುತ್ತಿದ್ದ ಪಾಠ ಚರಿತ್ರೆ. ಪಾಣಿಪತ್ತಿನ ಮೂರು ಯುದ್ಧಗಳನ್ನೂ ಒಂದು ತುಂಡು ಸೀಮೆಸುಣ್ಣದಲ್ಲಿ ಕರಿಹಲಗೆಯ ಮೇಲೆ ನಡೆಸಿ, ಗಂಟೆ ಹೊಡೆಯುವುದರೊಳಗೆ ಮುಗಿಸಿ, ಸೋತವರು ಮಾಡಿದ ತಪ್ಪುಗಳನ್ನು ಒಂದೊಂದಾಗಿ ಬರೆಸುತ್ತಿದ್ದೆ. ದೊಡ್ಡ ದೊಡ್ಡ ಸುಲ್ತಾನರಿಗೆ ಹೊಳೆಯದ ಉಪಾಯಗಳು ನನಗೆ ಎರಡನೇ ಪೀರಿಯಡ್ಡಿನಲ್ಲೇ ಹೊಳೆಯುತ್ತಿದ್ದವು. ಅವರ ಕಾಲದಲ್ಲಿ ನಾನು ಹುಟ್ಟಲಿಲ್ಲ. ಅದು ಅವರ ದುರದೃಷ್ಟ!

ಇಂಥ ನನ್ನ ಕೈಗೆ ಆ ಪೆಟ್ಟಿಗೆ ಬಂತು. ತಂದವನು ನನ್ನ ಹೆಂಡತಿ ಸರ್ವಮಂಗಳೆಯ ತಮ್ಮ ರುದ್ರೇಶ. ಅವನು ಮಿಲಿಟರಿಯಲ್ಲಿ ಲಾರಿ ರಿಪೇರಿ ಮಾಡುವವನು. ರಜೆಗೆ ಬರುವಾಗ ಪುಣೆಯ ಫುಟ್‌ಪಾತಿನಲ್ಲಿ, ಹಳೇ ಪುಸ್ತಕಗಳ ರಾಶಿಯ ನಡುವೆ ಇದನ್ನು ಕಂಡು ನನ್ನ ನೆನಪು ಮಾಡಿಕೊಂಡನಂತೆ.

"ಭಾವ, ಇದು ಯುದ್ಧದ ಆಟ. ಗುಡ್ಡದ ಮೇಲೆ ಕಂದಕ ತೋಡ್ಕೊಂಡು ಶತ್ರುಗಳು ಕೂತಿರ್ತಾರೆ. ನೀವು ಕೆಳಗಿಂದ ನುಗ್ಗಿ ಗುಡ್ಡ ಹಿಡೀಬೇಕು. ಒಬ್ರೇ ಆಡೋದು."

"ಎದುರಾಳಿ ಬೇಡವೇ?"

"ಅವನ ಪರವಾಗೂ ನೀವೇ ದಾಳ ಹಾಕೋದು. ಎಷ್ಟು ಬಿದ್ರೆ ಅವನು ಏನ್ ಮಾಡ್ತಾನೆ ಅಂತ ಪುಸ್ತಕದಲ್ಲಿ ಬರೆದವ್ರೆ. ಬೆಂಕಿಕಡ್ಡಿ ಇಟ್ಕೊಂಡು ನಾನೂ ಆಡ್ದೆ ಭಾವ, ಗುಡ್ಡ ಹತ್ತಕ್ಕೇ ಆಗ್ಲಿಲ್ಲ."

"ನೀನು ಬರೀ ಸೈನಿಕನಪ್ಪ. ನಾನು ಚರಿತ್ರೆ ಓದಿದವನು" ಎಂದೆ. ರುದ್ರೇಶ ನಕ್ಕ.

ಪೆಟ್ಟಿಗೆಯೊಳಗೆ ಮಡಚಿದ ರಟ್ಟಿನ ನಕ್ಷೆಯಿತ್ತು. ಅದರ ಮೇಲೆ ಗುಡ್ಡ, ಹೊಳೆ, ಕಂದಕ, ಎಲ್ಲದರ ಮೇಲೂ ಜೇನುಗೂಡಿನ ಹಾಗೆ ಆರು ಮೂಲೆಯ ಸಣ್ಣ ಸಣ್ಣ ಖಾನೆಗಳು. ಇಂಗ್ಲಿಷ್ ನಿಯಮಗಳ ಪುಸ್ತಕವೊಂದು, ದಾಳವೊಂದು. ಸೈನಿಕರಿರಬೇಕಾದ ಡಬ್ಬಿಯಲ್ಲಿ ಒಂದು ಸತ್ತ ಜಿರಳೆ ಮಾತ್ರ ಇತ್ತು. ಆ ಖಾನೆಗಳಿಗೂ ಸೈನಿಕರಿಗೂ ಇಂಗ್ಲಿಷಿನಲ್ಲಿ ಏನೇನೋ ಹೆಸರುಗಳಿದ್ದವು. ನಾನು ಅಜ್ಜಿಯ ಜೊತೆ ಚೌಕಾಬಾರ ಆಡಿ ಬೆಳೆದವನು. ನನ್ನ ಪಾಲಿಗೆ ಖಾನೆ ಎಂದರೆ ಮನೆ, ಅದರೊಳಗೆ ನಡೆಸುವುದು ಕಾಯಿ. ಈ ಎರಡು ಮಾತುಗಳೇ ಮುಂದೆ ನನ್ನ ಮಾನ ತೆಗೆದದ್ದರಿಂದ ಇಲ್ಲೇ ಹೇಳಿಟ್ಟಿದ್ದೇನೆ.

ಸೈನ್ಯ ನೇಮಕಾತಿಗೆ ಅಡುಗೆಮನೆಗೆ ಹೋದೆ. ನನ್ನ ಕಾಲಾಳುಗಳು ಹೆಸರುಕಾಳು. ಶತ್ರುಗಳು ಹುರುಳಿಕಾಳು. ಟ್ಯಾಂಕುಗಳು ಹುಣಸೆಬೀಜ. ಫಿರಂಗಿಗಳಿಗೆ ಒಣಕೊಬ್ಬರಿಯ ಚೂರು. ನಡುಮನೆಯ ಮೇಜಿನ ಮೇಲೆ ಇವರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿರುವಾಗ ಸರ್ವಮಂಗಳೆ ಬಂದಳು.

"ಅಯ್ಯೋ, ಬಸ್ಸಾರಿಗೆ ಅಂತ ಇಟ್ಟಿದ್ದ ಹುರುಳಿ!"

"ಇದು ಈಗ ಹುರುಳಿ ಅಲ್ಲ ಕಣೇ. ಶತ್ರುಸೈನ್ಯ."

"ಯಾವ ಸೈನ್ಯನಾದ್ರೂ ಇರ್ಲಿ, ನಾಳೆ ಬೆಳಗ್ಗೆ ಡಬ್ಬಿಗೆ ವಾಪಸ್ ಬಂದಿರ್ಬೇಕು."

ಇಲ್ಲಿ ಮನೆಯ ವಿಷಯವೊಂದನ್ನು ಹೇಳಬೇಕು. ನನ್ನ ತಂಗಿ ಗಂಗಾಳಿಗೆ ಆಗ ಸಿಂಗಟಗೆರೆಯ ಸಂಬಂಧ ಕೂಡಿಬರುತ್ತಿತ್ತು. ಹುಡುಗ ಕಡೂರಿನಲ್ಲಿ ತಂದೆಯ ಕೊಬ್ಬರಿ ಮಂಡಿ ನೋಡಿಕೊಳ್ಳುತ್ತಿದ್ದ. ಬಂದು ನೋಡಿ ಒಪ್ಪಿ ಹೋಗಿದ್ದ. ಗಂಗಾ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಆದರೆ ಅವತ್ತಿನಿಂದ ರೊಟ್ಟಿ ತಟ್ಟುವಾಗ ಹಾಡು ಗುನುಗುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳ ಮದುವೆ ನನ್ನ ತಲೆಯ ಮೇಲಿನ ಹೊಣೆ. ಹುಡುಗನ ತಂದೆ ಮರುಳಪ್ಪನವರು ಒಂದು ಭಾನುವಾರ ಬಂದು ಮಾತು ಮುಗಿಸಿಬಿಡುವುದಾಗಿ ಹೇಳಿ ಕಳಿಸಿದ್ದರು. ಹೇಳಿದಂತೆ ಬಂದರು. ಹೇಳಿದಂತೆ ಮುಗಿಸಿದರು ಕೂಡ!

ಆದರೆ ಅದಕ್ಕೂ ಮೊದಲು ಯುದ್ಧ.

ಕಂದಕದೊಳಗೆ ಕೂತವನಿಗೆ ಎಷ್ಟು ಅನುಕೂಲ ಎಂಬುದನ್ನು ಯಾವ ಚರಿತ್ರೆಯ ಪುಸ್ತಕವೂ ನನಗೆ ಸರಿಯಾಗಿ ಹೇಳಿರಲಿಲ್ಲ. ಒಳಗೆ ಕೂತ ಒಂದು ಹುರುಳಿಕಾಳು ಹೊರಗಿನ ಮೂರು ಹೆಸರುಕಾಳಿಗೆ ಸಮ ಎಂದು ನಿಯಮ. ಮೇಲಾಗಿ ದಾಳ. ನನ್ನ ಪರವಾಗಿ ಹಾಕಿದರೆ ಒಂದು ಬೀಳುತ್ತಿತ್ತು. ಶತ್ರುವಿನ ಪರವಾಗಿ ಹಾಕಿದರೆ ಆರು! ಎರಡನ್ನೂ ಹಾಕುತ್ತಿದ್ದುದು ಇದೇ ಕೈ. ಅನುಮಾನ ಬಂದು ಶತ್ರುವಿಗೆ ಎಡಗೈಯಲ್ಲಿ ಹಾಕಿದೆ. ಆಗಲೂ ಆರು. ನನ್ನ ಮೇಲೆ ನಾನೇ ಮೋಸದ ಆರೋಪ ಹೊರಿಸಿ, ವಿಚಾರಣೆ ನಡೆಸಿ, ಸಾಕ್ಷ್ಯ ಸಾಲದೆ ಬಿಟ್ಟುಬಿಟ್ಟೆ. ಕೊನೆಗೆ ಕೈಯ ಸಹವಾಸವೇ ಬೇಡವೆಂದು ಹಿತ್ತಾಳೆ ಚೊಂಬಿನೊಳಗೆ ದಾಳ ಹಾಕಿ, ಗಲಗಲ ಅಲ್ಲಾಡಿಸಿ ಸುರಿಯತೊಡಗಿದೆ. ಚೊಂಬು ಕೂಡ ಶತ್ರುವಿನ ಕಡೆ ಸೇರಿಕೊಂಡಿತು.

"ಏನಾಯ್ತ್ರೀ ಇವತ್ತು?" ಎಂದು ಸರ್ವಮಂಗಳೆ ಕೇಳುತ್ತಿದ್ದಳು.

"ನಮ್ಮ ಪಡೆಗಳು ಪೂರ್ವಯೋಜನೆಯಂತೆ ಹಿಂದಕ್ಕೆ ಸರಿದಿವೆ."

"ಸೋತ್ರಾ?"

"ಹಿಂದಕ್ಕೆ ಸರಿದೆವು ಅಂದೆ."

"ಎಲ್ಲಿಗೆ?"

"ಮೇಜಿನ ಅಂಚಿಗೆ."

ಒಂದು ದಿನ ಸ್ಕೂಲಿನಿಂದ ಬಂದು ನೋಡುತ್ತೇನೆ, ನನ್ನ ಫಿರಂಗಿದಳ ಇಡೀ ಚಲಿಸುತ್ತಿದೆ! ನಾನು ಆಜ್ಞೆಯನ್ನೇ ಕೊಟ್ಟಿರಲಿಲ್ಲ. ಬಗ್ಗಿ ನೋಡಿದರೆ ಕೆಂಪಿರುವೆಗಳು ಕೊಬ್ಬರಿ ಚೂರುಗಳನ್ನು ಹೊತ್ತುಕೊಂಡು ನೇರವಾಗಿ ಶತ್ರುಪಾಳೆಯದ ಕಡೆ ಹೊರಟಿದ್ದವು. ಉಳಿದ ಫಿರಂಗಿಗಳು ದೇಶದ್ರೋಹಿಗಳ ಕೈಸೇರಬಾರದೆಂದು ನಾನೇ ತಿಂದುಬಿಟ್ಟೆ.

ಆ ಭಾನುವಾರ ಬಂತು. ಸರ್ವಮಂಗಳೆ ಬೆಳಗ್ಗೆಯೇ ಹೇಳಿದಳು.

"ರೀ, ಮೇಜು ಖಾಲಿ ಮಾಡಿ. ಬೀಗರು ರೈಲಿಗೆ ಬತ್ತಾರೆ. ತಿಂಡಿ ಎಲ್ಲಿ ಕೊಡ್ಲಿ?"

"ಇನ್ನೊಂದೇ ಸುತ್ತು ಕಣೇ. ಇವತ್ತು ಎರಡು ಮನೆ ಹಿಡಿದಿದ್ದೀನಿ! ಗುಡ್ಡದ ಕೆಳಗಿಂದು ಒಂದು, ಹೊಳೆ ಪಕ್ಕದ್ದು ಒಂದು. ಇನ್ನು ತುದಿಯಲ್ಲಿರೋ ಕಂದಕ ಮಾತ್ರ. ಇತಿಹಾಸ ಯಾರಿಗೂ ಕಾಯಲ್ಲ."

"ಉಪ್ಪಿಟ್ಟೂ ಕಾಯಲ್ಲ" ಎಂದು ಅವಳು ಒಳಗೆ ಹೋದಳು.

ನಾನು ಇದ್ದಬದ್ದ ಹೆಸರುಕಾಳನ್ನೆಲ್ಲ ಒಟ್ಟುಮಾಡಿ, ಮಹಾ ಆಕ್ರಮಣಕ್ಕೆ ಆಜ್ಞೆ ಕೊಟ್ಟು ಚೊಂಬು ಬಗ್ಗಿಸಿದೆ. ಒಂದು ಬಿತ್ತು. ಶತ್ರುವಿನ ಪರವಾಗಿ ಬಗ್ಗಿಸಿದೆ. ಆರು. ಹುರುಳಿಕಾಳುಗಳು ಗುಡ್ಡದಿಂದ ಇಳಿದುಬಂದು ಗುಡ್ಡದ ಕೆಳಗಿನ ಮನೆಯನ್ನು ಕಿತ್ತುಕೊಂಡವು. ಮತ್ತೆ ಆರು. ಹೊಳೆ ಪಕ್ಕದ್ದೂ ಹೋಯಿತು. ಸತ್ತವರನ್ನು ಹಾಕುವ ಬಟ್ಟಲಲ್ಲಿ ನನ್ನ ಸೇನೆಯೆಲ್ಲ ರಾಶಿ ಬಿತ್ತು. ಅಷ್ಟರಲ್ಲಿ ಹೊರಗೆ "ಮೇಷ್ಟ್ರೇ" ಎಂದು ಕರೆದ ಸದ್ದಾಯಿತು.

ಚೊಂಬು ಕೈಯಲ್ಲಿ ಹಿಡಿದೇ ಜಗಲಿಗೆ ಬಂದೆ. ಮರುಳಪ್ಪನವರು ಒಬ್ಬರೇ ಬಂದಿದ್ದರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಮಡಿಸಿದ ಟವಲ್ಲು. ಜಗಲಿಯ ಮೇಲೆ ಕೂತು ನನ್ನ ಮುಖ ನೋಡಿದರು.

"ಏನ್ ಮೇಷ್ಟ್ರೇ, ಮುಖ ಯಾಕೋ ಬಾಡೋಗೈತೆ?"

ದುಃಖದಲ್ಲಿರುವವನನ್ನು ಹಾಗೆ ಕೇಳಬಾರದು.

"ಏನ್ ಹೇಳ್ಲಿ ಯಜಮಾನ್ರೇ! ಈಗಷ್ಟೇ ಎರಡು ಮನೆ ಹೋಯ್ತು."

ಅವರು ಟವಲ್ಲು ಕೆಳಗಿಟ್ಟರು. "ಎರಡು ಮನೆ? ಎಲ್ಲಿದ್ವು?"

"ಗುಡ್ಡದ ಕೆಳಗೆ ಒಂದು, ಹೊಳೆ ಪಕ್ಕ ಒಂದು. ಎಷ್ಟು ಕಷ್ಟಪಟ್ಟಿದ್ದೆ ಗೊತ್ತಾ?"

"ಹೋಯ್ತು ಅಂದ್ರೆ? ಮಾರಿದ್ರಾ?"

"ಮಾರೋ ಮಾತೆಲ್ಲಿ ಬಂತು? ದಾಳದಲ್ಲಿ ಹೋಯ್ತು! ಒಂದು ಬಿತ್ತು ಯಜಮಾನ್ರೇ, ಬರೀ ಒಂದು!" ಎಂದು ಚೊಂಬನ್ನು ಅವರ ಮುಂದೆ ಅಲ್ಲಾಡಿಸಿ ತೋರಿಸಿದೆ.

ಮರುಳಪ್ಪನವರು ಕೊಂಚ ಹಿಂದಕ್ಕೆ ಸರಿದು ಕೂತರು.

"ಬರೀ ಮನೆನಾ, ಇನ್ನೇನಾದ್ರೂ ಹೋಯ್ತಾ?"

"ಕಾಯಿ ಹೋಯ್ತು. ಲೆಕ್ಕವೇ ಇಲ್ಲ! ಇದ್ದಬದ್ದ ಕಾಯೆಲ್ಲ ಒಂದೇ ಸಲ ಇಟ್ಟುಬಿಟ್ಟೆ. ಒಂದು ರಾಶಿ ಕಾಯಿ, ಒಂದೂ ಉಳೀಲಿಲ್ಲ."

ಮೂರು ತಲೆಮಾರಿನಿಂದ ತೆಂಗಿನಕಾಯಿ, ಕೊಬ್ಬರಿ ವ್ಯಾಪಾರ ಮಾಡಿದ ಮನೆತನದವರ ಎದುರು ನಾನು ಆಡಿದ ಮಾತಿದು.

"ಕಾಯಿನೂ ಇಟ್ರಾ..." ಎಂದು ಅವರು ತೀರಾ ಮೆತ್ತಗೆ ಕೇಳಿದರು. "ಯಾರ ಜೊತೆ ಆಡಿದ್ರಿ?"

"ಯಾರೂ ಇಲ್ಲ. ಬಾಗಿಲು ಹಾಕ್ಕೊಂಡು ಒಬ್ಬನೇ ಆಡ್ತೀನಿ."

"ತಂಗಿ ಮದುವೆ ಮುಂದಿಟ್ಕೊಂಡು..."

"ಅದಕ್ಕೇ ನೋಡಿ! ಮದುವೆಯೊಳಗೆ ಹೆಂಗಾದ್ರೂ ಮಾಡಿ ಎಲ್ಲಾನೂ ವಾಪಸ್ ಹಿಡೀಬೇಕು ಅಂತ ಹಟ ತೊಟ್ಟಿದೀನಿ!"

ಮರುಳಪ್ಪನವರು ಎದ್ದು ನಿಂತರು. "ಒಳ್ಳೇದು. ಬತ್ತೀನಿ" ಎಂದು ಟವಲ್ಲನ್ನು ಹೆಗಲಿಗೆ ಹಾಕಿಕೊಂಡು ನಡೆದೇಬಿಟ್ಟರು. ನನ್ನ ಸೋಲು ಅವರ ಮನಸ್ಸಿಗೆ ಇಷ್ಟು ನಾಟಿತಲ್ಲ, ಎಂಥ ಹೃದಯವಂತರು ಎಂದುಕೊಂಡೆ. ಉಪ್ಪಿಟ್ಟಿನ ತಟ್ಟೆ ಹಿಡಿದು ಸರ್ವಮಂಗಳೆ ಬಂದಳು.

"ಎಲ್ರೀ ಅವರು?"

"ಹೋದ್ರು. ನನ್ನ ಸಂಕಟ ನೋಡಕ್ಕಾಗ್ಲಿಲ್ಲ ಅನ್ಸುತ್ತೆ."

ಅವಳು ನನ್ನ ಮುಖ ನೋಡಿದಳು. ಚೊಂಬು ನೋಡಿದಳು. ತಟ್ಟೆಯನ್ನು ಜಗಲಿಯ ಮೇಲಿಟ್ಟು, "ಏನಂದ್ರಿ ಅವರಿಗೆ? ಒಂದು ಮಾತೂ ಬಿಡ್ದಂಗೆ ಹೇಳಿ" ಎಂದಳು. ಹೇಳಿದೆ. ಹೇಳುತ್ತಾ ಹೇಳುತ್ತಾ, "ಎಲ್ಲ ಕಾಯಿನೂ ಇಟ್ಟೆ" ಎಂಬಲ್ಲಿಗೆ ಬರುವಾಗ ನನ್ನ ನಾಲಿಗೆ ತಾನೇ ನಿಂತಿತು. ಚರಿತ್ರೆ ಓದಿದವನಿಗೆ ಅರ್ಥವಾಗಲು ಅಷ್ಟು ಹೊತ್ತು ಹಿಡಿಯಿತು!

ಉಳಿದದ್ದನ್ನು ಮಾರನೇ ದಿನ ಪಕ್ಕದ ಮನೆಯ ಶಿವಣ್ಣ ತಿಳಿಸಿದರು. ಮರುಳಪ್ಪನವರು ಅವರಿಗೆ ಸ್ಟೇಷನ್ನಿನಲ್ಲಿ ಸಿಕ್ಕಿದ್ದರಂತೆ. ಜೂಜುಕೋರನ ಮನೆಯ ಹೆಣ್ಣು ಬೇಡ ಎಂದರಂತೆ.

"ನಾನು ನಿಮ್ಮನ್ನ ಬಿಟ್ಕೊಡ್ಲಿಲ್ಲ ಮೇಷ್ಟ್ರೇ" ಎಂದರು ಶಿವಣ್ಣ. "ದಿನಾ ಚೊಂಬಲ್ಲಿ ದಾಳ ಅಲ್ಲಾಡಿಸೋ ಸದ್ದು ಬತ್ತದೆ, ಅದೊಂದು ಬಿಟ್ರೆ ಬೇರೆ ಕೆಟ್ಟ ಚಟ ಇಲ್ಲ ಅಂತ ಗಟ್ಟಿಯಾಗಿ ಹೇಳ್ದೆ. ಅದಿರ್ಲಿ, ನಿಮಗೆ ಎರಡು ಮನೆ ಇದ್ವು ಅಂತ ನಮಗೆ ಹೇಳೇ ಇಲ್ವಲ್ಲ!" ಇಷ್ಟು ವರ್ಷ ಪಕ್ಕದಲ್ಲಿದ್ದೂ ಆಸ್ತಿ ಮುಚ್ಚಿಟ್ಟೆನೆಂದು ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು.

ಎರಡು ದಿನದಲ್ಲಿ ಅಜ್ಜಂಪುರಕ್ಕೆಲ್ಲ ಸುದ್ದಿಯಾಯಿತು. ತರೀಕೆರೆಗೆ ಮುಟ್ಟುವ ಹೊತ್ತಿಗೆ ನಾನು ಕಳೆದುಕೊಂಡ ಮನೆಗಳಿಗೆ ಮಹಡಿ ಬಂದಿತ್ತು. ಪಂಚನಹಳ್ಳಿಯಲ್ಲಿರುವ ನಮ್ಮ ಚಿಕ್ಕಪ್ಪ, ಆ ಎರಡು ಮನೆಗಳಲ್ಲಿ ತಮ್ಮ ಪಾಲೂ ಇರಬೇಕಲ್ಲ ಎಂದು ವಿಚಾರಿಸಲು ಬಂದುಹೋದರು. ಹೆಡ್‌ಮಾಸ್ಟರು, ಸುಮ್ಮನೆ ಒಂದು ಮಾತಿಗೆಂಬಂತೆ, ಆಟದ ಸಾಮಾನಿನ ಕೋಣೆಯ ಬೀಗದಕೈಯನ್ನು ನನ್ನಿಂದ ವಾಪಸ್ ಪಡೆದರು. ನಾನು ಎಲ್ಲರಿಗೂ ಸತ್ಯವನ್ನು ವಿವರಿಸಿದೆ: ಅವು ಮನೆಗಳಲ್ಲ, ರಟ್ಟಿನ ಖಾನೆಗಳು, ಸತ್ತದ್ದು ಹೆಸರುಕಾಳು, ಗೆದ್ದದ್ದು ಹುರುಳಿಕಾಳು. ಅದನ್ನು ಕೇಳಿದವರು, ಪಾಪ, ಮನೆಗಳು ಹೋದಮೇಲೆ ತಲೆಯೂ ಹೋಯಿತು ಎಂದುಕೊಂಡರು.

ಗಂಗಾ ಬೈಯಲಿಲ್ಲ, ಅಳಲೂ ಇಲ್ಲ. ಮೇಜಿನ ಮೇಲಿದ್ದ ಕಾಳುಗಳನ್ನು ಬೇರೆ ಬೇರೆ ಪೊಟ್ಟಣಕ್ಕೆ ತುಂಬಿ, ನಕ್ಷೆ ಮಡಚಿ, ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, "ತಗೋ ಅಣ್ಣ, ಧೂಳು ಹಿಡೀತಿತ್ತು" ಎಂದಳು. ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು, ಹಾಡು ಇರಲಿಲ್ಲ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಕಾಗದದ ಗುಡ್ಡವೊಂದರ ಆಸೆಗೆ ಅಪ್ಪ ಬಿಟ್ಟುಹೋದ ಹುಡುಗಿಯ ಬದುಕನ್ನು ದಾಳಕ್ಕಿಟ್ಟವನಂತೆ ಕೂತಿದ್ದೆ. ಆ ಲೆಕ್ಕದಲ್ಲಿ ಮರುಳಪ್ಪನವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಸರ್ವಮಂಗಳೆ ಸೆರಗು ಸಿಕ್ಕಿಸಿ ನಿಂತಳು. "ಏಳ್ರೀ. ಪೆಟ್ಟಿಗೆ ತಗೊಳ್ಳಿ, ಸಿಂಗಟಗೆರೆಗೆ ಹೋಗೋಣ. ಪೆಟ್ಟಿಗೆ ಹೊರೋದು ನೀವು, ಮಾತಾಡೋದು ನಾನು. ನೀವು ಬಾಯಿ ಬಿಟ್ರೆ ಇರೋ ಈ ಬಾಡಿಗೆ ಮನೆನೂ ಹೋಗುತ್ತೆ!"

ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವ ನೂಕಾಟದಲ್ಲಿ ಪೊಟ್ಟಣಗಳೆರಡೂ ಒಡೆದವು. ಎರಡು ಸೈನ್ಯಗಳೂ ಬಸ್ಸಿನೊಳಗೆ ಒಂದಾಗಿ ಉರುಳಾಡಿದವು.

"ಯಾರದ್ರೀ ಈ ಕಾಳು?" ಎಂದ ಕಂಡಕ್ಟರು.

"ಹಸಿರು ನಂದು, ಕೆಂಪು ಶತ್ರು..." ಎನ್ನುವಷ್ಟರಲ್ಲಿ ಸರ್ವಮಂಗಳೆ ನನ್ನ ಕಾಲು ತುಳಿದಳು. ಅವಳೇ ಬಗ್ಗಿ, ಸಿಕ್ಕಷ್ಟನ್ನು ಸೆರಗಿಗೆ ತುಂಬಿಕೊಂಡಳು.

ಸಿಂಗಟಗೆರೆಯಲ್ಲಿ ಮರುಳಪ್ಪನವರು ನಾಲ್ಕಾರು ಜನ ಹಿರಿಯರ ಜೊತೆ ಜಗಲಿಯ ಮೇಲೆ ಕೂತಿದ್ದರು. ಅಂಗಳದಲ್ಲಿ ಕೊಬ್ಬರಿ ಒಣಗುತ್ತಿತ್ತು. ನನ್ನನ್ನು ನೋಡಿದ ಒಬ್ಬ ಹಿರಿಯರು ಮೆಲ್ಲನೆ ಎದ್ದುಹೋಗಿ ಕೊಬ್ಬರಿಯ ಪಕ್ಕದಲ್ಲಿ ಕೂತರು.

"ಯಜಮಾನ್ರೇ" ಎಂದು ಸರ್ವಮಂಗಳೆ ನಕ್ಷೆಯನ್ನು ಜಗಲಿಯ ಮೇಲೆ ಬಿಡಿಸಿ ಹಾಕಿದಳು. "ನಮ್ಮನೆಯವ್ರು ಕಳ್ಕೊಂಡಿದ್ದು ಈ ಮನೆ. ಇಲ್ಲೊಂದು, ಇಲ್ಲೊಂದು. ಇದರಲ್ಲಿ ಒಂದು ಇರುವೆನಾದ್ರೂ ಸಂಸಾರ ಮಾಡಕ್ಕಾಗುತ್ತಾ ನೋಡಿ. ಕಳ್ಕೊಂಡ ಕಾಯಿ ಇದು." ಸೆರಗು ಬಿಚ್ಚಿ, ಹುರುಳಿಯ ಜೊತೆ ಬೆರೆತಿದ್ದ ಹೆಸರುಕಾಳು ಸುರಿದಳು.

ಮರುಳಪ್ಪನವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಗುಡ್ಡ ನೋಡಿದರು. ಹೊಳೆ ನೋಡಿದರು. ಒಂದು ಹೆಸರುಕಾಳನ್ನು ಎತ್ತಿ ಬೆಳಕಿಗೆ ಹಿಡಿದರು. ತುಟಿಯಂಚಿನಲ್ಲಿ ನಗು ಬಂತು, ಆದರೆ ದಾಳ ಕಂಡದ್ದೇ ಮಾಯವಾಯಿತು.

"ದಾಳ ಐತಲ್ಲವ್ವ. ಇದನ್ನ ಹಿಡ್ದೋನು ಇವತ್ತು ಕಾಳಿಡ್ತಾನೆ, ನಾಳೆ ಕಾಯಿ ಇಡ್ತಾನೆ, ನಾಳಿದ್ದು ಮನೆ ಇಡ್ತಾನೆ. ಆಡ್ಲಿ, ನೋಡಾಣ. ಜೂಜುಕೋರನ ಕೈ ನಂಗೆ ಗೊತ್ತಾಯ್ತದೆ. ಶತ್ರು ಕಡೆ ದಾಳ ನಾನ್ ಹಾಕ್ತೀನಿ."

ಹೀಗೆ ಒಬ್ಬರೇ ಆಡುವ ಆಟಕ್ಕೆ ಕೊನೆಗೂ ಒಬ್ಬ ಎದುರಾಳಿ ಸಿಕ್ಕಿದ. ಅವನು ನನ್ನ ಬೀಗನಾಗಬೇಕಾದವನು! ಗೆದ್ದರೆ ಪಳಗಿದ ಜೂಜುಕೋರ ಎನ್ನುತ್ತಾರೆ. ಸೋತರೆ ಮನೆ ಕಳೆಯುವವನು ಎನ್ನುತ್ತಾರೆ. ಇದನ್ನೆಲ್ಲ ಯೋಚಿಸಿ, ಗಂಗಾಳಿಗಾಗಿ ಬೇಕೆಂದೇ ಸೋತೆ ಎಂದು ಹೇಳಿಕೊಳ್ಳಲು ನನಗೆ ಆಸೆಯಿದೆ. ನಿಜವೇನೆಂದರೆ, ಕಾಳುಗಳನ್ನು ಸಾಲಾಗಿ ಇಡುತ್ತಿದ್ದಂತೆ ನನಗೆ ಗಂಗಾ, ಬೀಗರು, ಸಿಂಗಟಗೆರೆ ಎಲ್ಲ ಮರೆತುಹೋಯಿತು. ಪ್ರಾಣವನ್ನು ಒತ್ತೆಯಿಟ್ಟು ಗೆಲ್ಲಲು ಹೋರಾಡಿದೆ.

ಒಂದು ಬಿತ್ತು. ಮತ್ತೆ ಒಂದು. ದಾಳವನ್ನು ಹಣೆಗೆ ಒತ್ತಿಕೊಂಡು ಹಾಕಿದೆ. ಉರುಳಿಹೋಗಿ ಕೊಬ್ಬರಿಯ ನಡುವೆ ಬಿತ್ತು. ಎಲ್ಲರೂ ಹುಡುಕಿದರು. ಸಿಕ್ಕಿತು. ಅಲ್ಲಿಯೂ ಒಂದೇ!

ಮರುಳಪ್ಪನವರು ಆಟ ನೋಡುತ್ತಾ ನೋಡುತ್ತಾ ತಡೆಯಲಾರದೆ ಹೋದರು.

"ಅಲ್ರೀ ಮೇಷ್ಟ್ರೇ, ನಮ್ಮ ತೋಟಕ್ಕೂ ಟ್ರಂಚ್ ಹೊಡ್ಸಿದೀನಿ. ಕಾಯಿ ಕದಿಯಕ್ಕೆ ಬರೋನೂ ಟ್ರಂಚ್ ಇರೋ ಕಡೆಯಿಂದ ಬರಲ್ಲ, ಬೇಲಿ ಮುರ್ದಿರೋ ಕಡೆಯಿಂದ ಬತ್ತಾನೆ. ನೀವ್ ಯಾಕ್ ಎದುರಿಗೇ ಹೋಗಿ ಸಾಯ್ತೀರಿ?"

"ಚರಿತ್ರೆಯಲ್ಲಿ ಎಷ್ಟೋ ಜನ ಹೀಗೇ ನುಗ್ಗಿದಾರೆ" ಎಂದೆ.

"ಹಂಗೆ ನುಗ್ಗಿ ಗೆದ್ದೋರು ಯಾರು?"

ಯೋಚಿಸಿದೆ. ಅಂಥವರನ್ನೆಲ್ಲ ನಾನು 'ಸೋಲಿಗೆ ಕಾರಣಗಳು' ಎಂಬ ತಲೆಬರಹದ ಕೆಳಗೆ ಬರೆಸುತ್ತಿದ್ದೆ. ಇನ್ನೊಮ್ಮೆ ದಾಳ ಹಾಕಿದೆ. ಒಂದು. ನನ್ನ ಕೊನೆಯ ಹೆಸರುಕಾಳನ್ನು ಮರುಳಪ್ಪನವರೇ ಎತ್ತಿ ಪೆಟ್ಟಿಗೆಗೆ ಹಾಕಿದರು.

ಸರ್ವಮಂಗಳೆ ಕಣ್ಣು ಮುಚ್ಚಿಕೊಂಡಿದ್ದಳು. ಮರುಳಪ್ಪನವರು ಕನ್ನಡಕ ತೆಗೆದು, ಒರೆಸಿ, ಹಿರಿಯರ ಕಡೆ ತಿರುಗಿ ತೀರ್ಪು ಕೊಟ್ಟರು.

"ಈ ಮನುಷ್ಯ ಜೂಜುಕೋರ ಅಲ್ಲ ಕಣ್ರಪ್ಪಾ. ಇಷ್ಟು ಕೆಟ್ಟ ಕೈ, ಇಷ್ಟು ಮಂದ ತಲೆ ಇಟ್ಕೊಂಡು ಒಂದು ದಿನ ಜೂಜಾಡಿದ್ರೂ ಮೈಮೇಲೆ ಅಂಗಿ ಉಳೀತಿರ್ಲಿಲ್ಲ. ಅಂಗಿ ಐತೆ. ಅಂದ್ರೆ ಆಡಿಲ್ಲ!"

ಹಿರಿಯರೆಲ್ಲ ನನ್ನ ಅಂಗಿಯನ್ನು ನೋಡಿ, ಹೌದು ಹೌದು ಎಂದು ತಲೆದೂಗಿದರು. ಕೊಬ್ಬರಿಯ ಕಾವಲಿಗೆ ಹೋಗಿದ್ದವರು ವಾಪಸ್ ಬಂದು ನನ್ನ ಪಕ್ಕದಲ್ಲೇ ಕೂತರು. ನನ್ನ ಜೀವನದಲ್ಲಿ ಯಾವ ಪ್ರಶಸ್ತಿಪತ್ರವೂ ಈ ಮಾತಿನಷ್ಟು ಉಪಕಾರ ಮಾಡಿಲ್ಲ. ಒಳಗಿಂದ ಉಪ್ಪಿಟ್ಟು ಬಂತು. ಈ ಸಲ ಎಲ್ಲರೂ ತಿಂದರು. ಬಾಗಿಲಲ್ಲಿ ನಿಂತಿದ್ದ ಹುಡುಗ ನಗು ತಡೆಯಲಾಗದೆ ಒಳಗೆ ಓಡಿದ. ಊರಿಗೆ ಬಂದು ಸರ್ವಮಂಗಳೆ ವಿಷಯ ಹೇಳಿದಾಗ ಗಂಗಾ ಮೊದಲು ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಅಂಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರುದಿನ ರೊಟ್ಟಿಯ ಜೊತೆಗೆ ಹಾಡೂ ಕೇಳಿಸಿತು.

ಮದುವೆ ಚೆನ್ನಾಗಿಯೇ ಆಯಿತು. ಆ ಪೆಟ್ಟಿಗೆಯನ್ನು ಬೀಗರು ತಾವೇ ಇಟ್ಟುಕೊಂಡರು. ಹಿಂದಿನಿಂದ ಸುತ್ತಿಕೊಂಡು ಹೋಗಿ ಮೊದಲನೇ ಸಲಕ್ಕೇ ಗುಡ್ಡ ಹಿಡಿದರೆಂದು ಆಮೇಲೆ ಕೇಳಿದೆ. ಹಬ್ಬಕ್ಕೆ ಮೂಟೆ ತೆಂಗಿನಕಾಯಿ ಕಳಿಸುವಾಗಲೆಲ್ಲ "ಇವು ನಿಜವಾದ ಕಾಯಿ, ಮೇಷ್ಟ್ರ ಕೈಗೆ ಕೊಡಬೇಡಿ" ಎಂದು ಹೇಳಿಕಳಿಸುತ್ತಿದ್ದರು.

ಕೆಲವು ವರ್ಷಗಳ ಮೇಲೆ ಸಾಲ ಸೋಲ ಮಾಡಿ ಅಜ್ಜಂಪುರದಲ್ಲೇ ಒಂದು ಮನೆ ಕಟ್ಟಿಸಿದೆ. ಗೃಹಪ್ರವೇಶಕ್ಕೆ ಬಂದ ಮರುಳಪ್ಪನವರು ಗೋಡೆ, ಕಿಟಕಿ, ತಾರಸಿ ಎಲ್ಲ ನೋಡಿ ಮೆಚ್ಚಿಕೊಂಡರು. ಆಮೇಲೆ ನನ್ನನ್ನು ಬಿಟ್ಟು ಸರ್ವಮಂಗಳೆಯನ್ನು ಪಕ್ಕಕ್ಕೆ ಕರೆದು ಕೇಳಿದರು.

"ಖಾತೆ ಯಾರ ಹೆಸರಿಗೆ ಮಾಡ್ಸಿದ್ರಿ ತಾಯಿ?"

"ನನ್ನ ಹೆಸರಿಗೇ ಯಜಮಾನ್ರೇ."

"ಹಂಗಾದ್ರೆ ಮನೆ ಉಳೀತದೆ ಬಿಡಿ" ಎಂದು ಅವರು ನಿಶ್ಚಿಂತೆಯಿಂದ ಊಟಕ್ಕೆ ಕೂತರು. ನಾನೇ ಬಡಿಸಿದೆ.